ಅಲಗಿನ ಮೇಲಿನ ಕುಂಕುಮ

ಎರಡು ಸಾವಿರದ ಆರನೆಯ ಇಸವಿ. ಮಹಾಲಯ ಅಮಾವಾಸ್ಯೆಗೆ ಇನ್ನು ಮೂರು ದಿನವಿತ್ತು. ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ನನ್ನ ತಮ್ಮ ದತ್ತಾತ್ರೇಯ ತೀರಿಹೋದ ಸುದ್ದಿ ಬಂತು. ನಾನು ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಮನೆಯ ಬಾಲ್ಕನಿಯಲ್ಲಿ ಕಾಗೆಗೆ ಅನ್ನವಿಟ್ಟು ಅದು ಬರಲೆಂದು ಕಾಯುತ್ತಿದ್ದೆ. ಒಳಗೆ ಫೋನು ಎತ್ತಿದವನು ನನ್ನ ಮಗ ಸುದರ್ಶನ. “ಹಾಂ, ಇಂಚರಾ, ಹೇಳಿ” ಎಂದ. ಅವನು ಹೊರಗೆ ಬಂದು ನನ್ನ ಕೈಯಲ್ಲಿದ್ದ ತಟ್ಟೆಯನ್ನು ತೆಗೆದುಕೊಂಡಾಗಲೇ ಏನೋ ಆಗಿದೆಯೆಂದು ನನಗೆ ತಿಳಿಯಿತು. ಹುಟ್ಟಿದ ಮೇಲೆ ಅವನು ಎಂದೂ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡವನಲ್ಲ.

“ಮಾಮ...” ಎಂದ. ಅಷ್ಟೇ.

ದತ್ತುವಿಗೆ ಅರವತ್ತಾರು, ನನಗೆ ಎಪ್ಪತ್ತೆರಡು. ಹೋಗಬೇಕಾದ ಸರದಿ ನನ್ನದಾಗಿತ್ತು. ಅವನು ಮದುವೆಯಾಗಲಿಲ್ಲ. ಹೌಜ್ ಖಾಸ್ ಬಳಿಯ ಇಂಜಿನಿಯರಿಂಗ್ ಸಂಸ್ಥೆಯ ಲೋಹದ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ, ನಿವೃತ್ತನಾದ ಮೇಲೂ ಅಲ್ಲೇ ಹತ್ತಿರದಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡಿದ್ದ. ಫೋನು ಮಾಡಿದ ಇಂಚರಾ ದಾವಣಗೆರೆಯ ಹುಡುಗಿ, ಅದೇ ಸಂಸ್ಥೆಯಲ್ಲಿ ಹಳೆಯ ಕಾಲದ ಉಕ್ಕಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಪ್ರತಿ ಮಂಗಳವಾರ ಬೆಳಿಗ್ಗೆ ಅವನ ಮನೆಗೆ ಬಂದು, ಅವನು ಮಾಡಿದ ಕಾಫಿ ಕುಡಿದು, ಅವನು ಕೂಡಿಸಿಟ್ಟಿದ್ದ ಹಳೆಯ ಬಾಕುಗಳನ್ನು ನೋಡಿ ಹೋಗುವಳು. ಆ ಮಂಗಳವಾರ ಬಾಗಿಲು ತಟ್ಟಿದಳು, ತೆರೆಯಲಿಲ್ಲ.

ನಾವು ಹೋಗುವಷ್ಟರಲ್ಲಿ ಕೆಳಗಿನ ಮನೆಯ ಡಾಕ್ಟರು ನೋಡಿ, ಹಿಂದಿನ ಸಂಜೆಯೇ ಹೃದಯ ನಿಂತಿದೆ ಎಂದಿದ್ದರು. ದತ್ತು ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತೇ ಹೋಗಿದ್ದ. ಕನ್ನಡಕ ಮೂಗಿನ ಮೇಲೆಯೇ ಇತ್ತು. ಮಡಿಲಲ್ಲಿ ಹಳೆಯ ಪಂಚೆಯ ತುಂಡು, ಅದರ ಮೇಲೆ ಒಂದು ಬಾಕು. ಎಡಗೈಯಲ್ಲಿ ಎಣ್ಣೆಯಲ್ಲಿ ನೆನೆದ ಹತ್ತಿ, ಬಲಗೈ ಬಾಕಿನ ಹಿಡಿಯ ಮೇಲೆ. ಅದು ಯಾವ ಬಾಕೆಂದು ನಾನು ನೋಡಲಿಲ್ಲ. ನೋಡುವ ಮನಸ್ಸಾಗಲಿಲ್ಲ. ಇಂಚರಾ ಅದನ್ನು ಬಟ್ಟೆಯ ಸಮೇತ ತೆಗೆದು ಪಕ್ಕಕ್ಕಿಟ್ಟಳು.

ಕೊನೆಯ ಗಳಿಗೆಯಲ್ಲಿ ಮನಸ್ಸು ಯಾವುದರ ಮೇಲೆ ನಿಲ್ಲುತ್ತದೋ ಜೀವ ಅದರ ಹಿಂದೆಯೇ ಹೋಗುತ್ತದೆ ಎಂದು ನಮ್ಮ ತಾಯಿ ಹೇಳುತ್ತಿದ್ದಳು. ಅವಳು ಹೋಗುವಾಗ ನಾನೇ ತುಳಸಿಯ ನೀರು ಬಿಟ್ಟು, ಕಿವಿಯಲ್ಲಿ ದೇವರ ಹೆಸರು ಹೇಳಿದ್ದೆ. “ದತ್ತುವನ್ನು ನೋಡಿಕೋ” ಎಂದು ಹೇಳಿ ಕಣ್ಣು ಮುಚ್ಚಿದ್ದಳು. ಈಗ ದತ್ತುವಿನ ಬಾಯಿಗೆ ನೀರಿಲ್ಲ, ಕಿವಿಗೆ ಹೆಸರಿಲ್ಲ. ಯಾರನ್ನೋ ಇರಿಯಲೆಂದು ಮಾಡಿದ ಕಬ್ಬಿಣದ ಮೇಲೆ ಮನಸ್ಸಿಟ್ಟುಕೊಂಡು ಹೋದನಲ್ಲ, ಇವನಿಗೆ ಎಲ್ಲಿ ಶಾಂತಿ ಸಿಕ್ಕೀತು ಎಂಬ ಒಂದೇ ಭಯ ಅಂದಿನಿಂದ ನನ್ನನ್ನು ಹಿಡಿಯಿತು.

ಅವನಿಗೆ ಈ ಹುಚ್ಚು ಹತ್ತಿದ್ದು ಎಂಬತ್ತೇಳನೆಯ ಇಸವಿಯಲ್ಲಿ. ಆಗ ಭಾನುವಾರಗಳಂದು ಕೆಂಪುಕೋಟೆಯ ಹಿಂದಿನ ಬಯಲಿನಲ್ಲಿ ಹಳೆಯ ಸಾಮಾನಿನ ಸಂತೆ ನೆರೆಯುತ್ತಿತ್ತು. ಪ್ರಯೋಗಶಾಲೆಗೆ ಹಳೆಯ ತಕ್ಕಡಿ ಹುಡುಕಲು ಹೋದವನು ಒಂದು ಬಾಕು ಹಿಡಿದುಕೊಂಡು ನಮ್ಮ ಮನೆಗೆ ಬಂದ. ಗಿಳಿಯ ತಲೆಯಂತೆ ಬಾಗಿದ ಹಿಡಿ, ಗೇಣುದ್ದದ ಅಲಗು.

“ಅಕ್ಕಾ, ಇಲ್ಲಿ ನೋಡು” ಎಂದು ಅಲಗನ್ನು ಬೆಳಕಿಗೆ ಓರೆಮಾಡಿದ. ಕೆರೆಯ ಮೇಲೆ ಗಾಳಿ ಸುಳಿದಾಗ ಏಳುವ ಸಣ್ಣ ಅಲೆಗಳಂತೆ ಉಕ್ಕಿನೊಳಗೆ ಗೆರೆಗಳು ಓಡುತ್ತಿದ್ದವು. “ಇದು ಬರೆದದ್ದಲ್ಲ, ಕೊರೆದದ್ದಲ್ಲ. ಉಕ್ಕು ಮೂಸೆಯಲ್ಲಿ ಮೆಲ್ಲಗೆ ಆರುವಾಗ ತಾನೇ ಮೂಡಿದ್ದು. ನಮ್ಮ ಪ್ರಯೋಗಶಾಲೆಯಲ್ಲಿ ಇಷ್ಟೊಂದು ಯಂತ್ರ ಇದೆ, ಇಂಥದ್ದೊಂದು ಮಾಡೋಕೆ ನಮಗೆ ಬರಲ್ಲ.”

“ಯಾರ ರಕ್ತ ಕುಡಿದಿದೆಯೋ. ಹೊಸ್ತಿಲಾಚೆಗೆ ಇಡು ಅದನ್ನ.”

“ಸರಿ, ರಕ್ತ ಬಿಡು. ಈ ಹಿಡಿ ನೋಡು. ಇಲ್ಲಿ ಗುಳಿ ಬಿದ್ದಿದೆಯಲ್ಲ, ಅದು ಹೆಬ್ಬೆರಳು ಉಜ್ಜಿ ಉಜ್ಜಿ ಬಿದ್ದದ್ದು. ಯಾರೋ ಪುಣ್ಯಾತ್ಮ ಇದನ್ನ ನಲವತ್ತು ವರ್ಷ ಸೊಂಟದಲ್ಲಿ ಇಟ್ಟುಕೊಂಡು, ಯೋಚನೆ ಬಂದಾಗಲೆಲ್ಲ ಇಲ್ಲಿ ಬೆರಳು ಆಡಿಸಿದ್ದಾನೆ. ಕತ್ತಿಯನ್ನ ರಾಜ ಕೊಡ್ತಾನೆ, ಯುದ್ಧ ಮುಗಿದ ಮೇಲೆ ಗೋಡೆಗೆ ಹೋಗುತ್ತೆ. ಬಾಕು ಹಾಗಲ್ಲ ಅಕ್ಕಾ. ಇದು ಅವನ ಜೊತೆ ಊಟಕ್ಕೆ ಕೂತಿದೆ, ಮಗಳ ಮದುವೆಗೆ ಹೋಗಿದೆ.”

ಅವನ ಮುಖ ನೋಡಿದರೆ, ಆರು ವರ್ಷದವನಿದ್ದಾಗ ನದಿಯಿಂದ ನುಣುಪು ಕಲ್ಲು ಆರಿಸಿ ತಂದು ನನ್ನ ಸೆರಗಿಗೆ ಸುರಿಯುತ್ತಿದ್ದ ದತ್ತುವೇ ಅನ್ನಿಸಿತು. ಬೈಯಲು ಬಾಯಿ ಬರಲಿಲ್ಲ. ಆದರೆ ಒಂದು ಮಾತು ಹೇಳಿದೆ: ಆಯುಧಪೂಜೆಯ ದಿನ ನಾನು ಪೂಜೆ ಮಾಡಿದ ಮೇಲೆಯೇ ಅದು ಮನೆಯೊಳಗೆ ಬರಬೇಕು, ನಮ್ಮ ಮನೆಯಾಗಲಿ ಅವನ ಮನೆಯಾಗಲಿ. ಅಲ್ಲಿಯವರೆಗೆ ಪ್ರಯೋಗಶಾಲೆಯ ಬೀರುವಿನಲ್ಲಿರಲಿ. ವರ್ಷಕ್ಕೆ ಒಂದೇ. ಅವನು ಒಪ್ಪಿದ.

ಅಂದಿನಿಂದ ಅದೇ ನಮ್ಮ ಮನೆಯ ಪದ್ಧತಿಯಾಯಿತು. ವರ್ಷವೆಲ್ಲ ಭಾನುವಾರ ಸಂತೆ ಸುತ್ತಿ ಅವನು ಒಂದನ್ನು ಆರಿಸುವನು. ಒಂಬತ್ತು ಅಂಗುಲ ಮೀರಿದ ಅಲಗಿಗೆ ಲೈಸೆನ್ಸು ಬೇಕೆಂದು ಯಾರೋ ಹೇಳಿದ್ದರಿಂದ ಜೇಬಿನಲ್ಲಿ ಸದಾ ಶಾಲೆಯ ಮಕ್ಕಳ ಮರದ ಅಳತೆಪಟ್ಟಿ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಮುದುಕ ವ್ಯಾಪಾರಿಯೊಬ್ಬ ದೂರದಿಂದಲೇ ಇವನನ್ನು ಕಂಡು, “ಆಯಿಯೇ, ನೌ ಇಂಚ್ ವಾಲೇ ಬಾಬೂಜಿ!” ಎಂದು ಒಂಬತ್ತಂಗುಲದ ಹೆಸರಿಟ್ಟೇ ಕೂಗಿದ. ಸುತ್ತಲಿನವರೆಲ್ಲ ನಕ್ಕರು. ದತ್ತು ಸ್ವಲ್ಪವೂ ನಾಚದೆ ಅಳತೆಪಟ್ಟಿ ತೆಗೆದ. ಬಹಳ ಚೆಲುವಾದ ಒಂದು ಕಠಾರಿ ಒಂಬತ್ತೂಕಾಲು ಅಂಗುಲ ಬಂತು. ಅದನ್ನು ಮಗುವನ್ನು ಮಲಗಿಸುವಂತೆ ಮೆಲ್ಲಗೆ ಹಿಂದಕ್ಕಿಟ್ಟ.

ಆಯುಧಪೂಜೆಯ ದಿನ ಬಾಕನ್ನು ಮಲ್ಲಿನ ಬಟ್ಟೆಯಲ್ಲಿ ಸುತ್ತಿ ರೋಹಿಣಿಗೆ ತರುವನು. ಅಲಗನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟವರಿಗೂ ಕೊಂಡವರಿಗೂ ಜಗಳವಾಗುತ್ತದೆಂದು ನಮ್ಮಲ್ಲಿ ನಂಬಿಕೆ. ಹಾಗಾಗಿ ಹೊಸ್ತಿಲಾಚೆ ಹಾಕಿದ ಮಣೆಯ ಮೇಲಿಡುವನು, ನಾನು ಎತ್ತಿಕೊಳ್ಳುವೆ. ಹಿಡಿಯ ಹತ್ತಿರ ಅಲಗಿನ ಮೇಲೆ ಗಂಧ ಹಚ್ಚಿ, ನಿಂಬೆಹಣ್ಣು ಹೋಳು ಮಾಡಿ ಅದರ ರಸದಲ್ಲಿ ಕುಂಕುಮ ಕಲಸಿ, ಹೆಬ್ಬೆರಳಿನಿಂದ ದಪ್ಪನಾಗಿ ಒತ್ತುವೆ. ವಿಜಯದಶಮಿಯ ಬೆಳಗಿನವರೆಗೆ ಒರೆಸಬಾರದು. ನಮ್ಮ ತಾಯಿ ಕುಡುಗೋಲಿಗೂ ಈಳಿಗೆಗೂ ಹಾಗೆಯೇ ಮಾಡುತ್ತಿದ್ದಳು. ದತ್ತು ಎದುರಿಗೆ ಕೂತು ನೋಡುವನು. ನಿಂಬೆ ಹಿಂಡುವಾಗ ಅವನು ಒಮ್ಮೊಮ್ಮೆ ತುಟಿ ಕಚ್ಚುತ್ತಿದ್ದ. ಭಕ್ತಿಯೆಂದುಕೊಂಡಿದ್ದೆ.

ತೊಂಬತ್ತೇಳರಲ್ಲಿ ನನ್ನ ಯಜಮಾನರು ತೀರಿಕೊಂಡರು. ಆ ವರ್ಷ ನವರಾತ್ರಿಗೆ ನಾನು ದತ್ತುವಿಗೆ ಫೋನು ಮಾಡಿ, “ಇನ್ನು ನಾನು ಕುಂಕುಮ ಮುಟ್ಟುವುದಿಲ್ಲ. ಬಾಕಿನ ಪೂಜೆಯನ್ನು ನೀನೇ ಮಾಡಿಕೋ” ಎಂದೆ. ಅವನು ಫೋನಿಟ್ಟ. ನವಮಿಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಕೂತಿದ್ದಾನೆ, ಮಡಿಲಲ್ಲಿ ಬಟ್ಟೆಯ ಗಂಟು.

“ಒಳಗೆ ಬಾ” ಎಂದೆ.

“ಪೂಜೆಯಾಗದೆ ಬಾಕು ಒಳಗೆ ಬರಬಾರದು ಅಂತ ನೀನೇ ಹೇಳಿದ್ದು. ಬಾಕು ಬಿಟ್ಟು ನಾನು ಬರಲ್ಲ.”

“ದತ್ತೂ, ನನಗೆ ಇನ್ನು ಅದು ಸಲ್ಲುವುದಿಲ್ಲಪ್ಪ.”

“ಯಾರಿಗೆ ಸಲ್ಲುತ್ತೆ, ಯಾರಿಗಿಲ್ಲ ಅನ್ನೋದು ದೇವಿಗೆ ಗೊತ್ತು. ನನಗೆ ಗೊತ್ತಿರೋದು, ನನ್ನ ಅಕ್ಕನ ಕೈ.”

ಎರಡು ಗಂಟೆ ಕೂತಿದ್ದ. ಹತ್ತಿ ಇಳಿಯುವವರೆಲ್ಲ ಅವನನ್ನು ಬಳಸಿ ಹೋದರು. ಎದುರು ಮನೆಯ ಪಂಜಾಬಿ ಹೆಂಗಸು, “ಅಂಕಲ್‌ಜೀ, ಆಂಟಿ ಜೊತೆ ಜಗಳವಾ?” ಎಂದು ಹಿಂದಿಯಲ್ಲಿ ಕೇಳಿ ಚಹಾ ಕೊಟ್ಟಳು. ಕುಡಿದ. ಹನ್ನೊಂದು ಗಂಟೆಗೆ ನಾನು ಸೋತೆ. ಮಣೆ ತಂದು ಮೆಟ್ಟಿಲ ಮೇಲೆಯೇ ಇಟ್ಟೆ, ನಿಂಬೆಹಣ್ಣು ಹೋಳು ಮಾಡಿದೆ. ಕುಂಕುಮ ಕಲಸಿ ಒತ್ತಿದೆ. ಅದಾದ ಮೇಲೆ ದೇವರ ಮನೆಯಲ್ಲಿ ಯಾವ ಕೆಲಸಕ್ಕೂ ನಾನು ಹಿಂಜರಿಯಲಿಲ್ಲ. ನನ್ನ ಮುಂದಿನ ದಿನಗಳನ್ನು ಅವನು ಹಾಗೆ ನನಗೆ ಹಿಂದಕ್ಕೆ ಕೊಟ್ಟ.

ಇಷ್ಟು ಬಾಕು ಕೂಡಿಸಿದವನು ಒಂದು ಹನಿ ರಕ್ತ ಕಂಡರೆ ಬೆವರುತ್ತಿದ್ದ. ಅವನ ಅಡಿಗೆಮನೆಯ ಚಾಕು ಎಷ್ಟು ಮೊಂಡಾಗಿತ್ತೆಂದರೆ ಬದನೆಕಾಯಿಯನ್ನು ಕೈಯಿಂದಲೇ ಮುರಿದು ಹಾಕುತ್ತಿದ್ದ.

ಲೋಧಿ ರಸ್ತೆಯ ಸ್ಮಶಾನದಲ್ಲಿ ಸುದರ್ಶನನೇ ಬೆಂಕಿ ಇಟ್ಟ. ಬಾಕುಗಳನ್ನೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ ತುಂಬಿ ನಮ್ಮ ಮನೆಗೆ ತಂದೆವು. ಅಸ್ಥಿಯನ್ನು ಹತ್ತನೆಯ ದಿನ ಗಢಮುಕ್ತೇಶ್ವರದಲ್ಲಿ ಗಂಗೆಗೆ ಬಿಡುವುದೆಂದು ನಿಶ್ಚಯವಾಯಿತು. ನಾನು ಸುದರ್ಶನನಿಗೆ ಹೇಳಿದೆ: “ಪೆಟ್ಟಿಗೆಯನ್ನೂ ಕಾರಿನಲ್ಲಿಡು. ಅಸ್ಥಿಯ ಜೊತೆಗೆ ಬಾಕುಗಳನ್ನೂ ಗಂಗೆಗೆ ಬಿಡಬೇಕು. ಅವು ಇಲ್ಲಿ ಇರುವವರೆಗೆ ಅವನ ಜೀವ ಅವುಗಳ ಸುತ್ತಲೇ ತಿರುಗುತ್ತದೆ.”

ಸುದರ್ಶನ ಓಖ್ಲಾದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಮ್ಯಾನೇಜರು. ಹುಟ್ಟಿ ಬೆಳೆದದ್ದೆಲ್ಲ ದೆಹಲಿಯಲ್ಲಿ. “ಅರೇ ಅಮ್ಮಾ, ಹೈವೇಯಲ್ಲಿ ಪೊಲೀಸರು ಗಾಡಿ ನಿಲ್ಲಿಸಿದರೆ? ಕುಡಿಕೆಯಲ್ಲಿ ಮಾಮ, ಡಿಕ್ಕಿಯಲ್ಲಿ ಹತ್ತೊಂಬತ್ತು ಬಾಕು. ನಾನು ಏನು ಹೇಳಲಿ, ‘ಸಾಬ್, ಖಾನ್‌ದಾನೀ ಮಾಮಲಾ ಹೈ’, ಮನೆತನದ ವಿಷಯ ಅಂತಲಾ?”

ನಾನು ನಗಲಿಲ್ಲ. “ಅಚ್ಛಾ, ಸರಿ. ನಿಮ್ಮ ಮನಸ್ಸಿಗೆ ಸಮಾಧಾನ ಆಗೋದಾದ್ರೆ ಚಲೋ, ತಗೊಂಡು ಹೋಗೋಣ” ಎಂದ.

ಒಂಬತ್ತನೆಯ ದಿನ ಮಧ್ಯಾಹ್ನ ಇಂಚರಾ ಬಂದಳು. ಸುದರ್ಶನ ಅವಳಿಗೆ ವಿಷಯ ತಿಳಿಸಿದ್ದನೆಂದು ಕಾಣುತ್ತದೆ. ಕೂತು ನೀರು ಕುಡಿದು, “ಅಮ್ಮ, ಬೇಡ ಅನ್ನೋಕೆ ನಾನು ಯಾರೂ ಅಲ್ಲ. ಹೋಗೋ ಮುಂಚೆ ಒಂದು ಸಲ ಎಲ್ಲವನ್ನೂ ನೋಡಲಾ?” ಎಂದಳು. ಅವಳ ಕಣ್ಣು ಊದಿಕೊಂಡಿತ್ತು. ಪೆಟ್ಟಿಗೆ ತೆರೆದೆ.

ಚಾಪೆಯ ಮೇಲೆ ಒಂದೊಂದನ್ನೇ ಬಿಚ್ಚಿ ಸಾಲಾಗಿ ಇಟ್ಟಳು. ಗಿಳಿಯ ತಲೆಯದು, ಕುದುರೆಯ ತಲೆಯದು, ಚೇಳಿನ ಬಾಲದಂತೆ ಕೊಂಕಿದ್ದು, ಕೊಡಗಿನ ಪೀಚೆಕತ್ತಿ. ಒರೆಯಿಂದ ಎಳೆದಾಗ ಒಂದೊಂದರ ಸದ್ದೂ ಬೇರೆ. ಕಿಟಕಿಯ ಬಿಸಿಲಿನಲ್ಲಿ ಅಲಗುಗಳೆಲ್ಲ ನೀರಿನಂತೆ ಹೊಳೆದವು. ಆಗ ನನ್ನ ಕಣ್ಣಿಗೆ ಬಿತ್ತು. ಎಲ್ಲದರ ಮೇಲೂ, ಹಿಡಿಯ ಹತ್ತಿರ, ಒಂದೇ ಜಾಗದಲ್ಲಿ, ಒಂದು ಕಂದುಗೆಂಪು ಕಲೆ. ಹೊಳಪು ಸತ್ತು, ಅಲೆಯ ಗೆರೆ ಅಳಿಸಿ, ಒರಟಾಗಿ ತಿಂದುಹೋದ ಗುಂಡು ಕಲೆ. ವರ್ಷಕ್ಕೊಮ್ಮೆ ಹೊಸದೊಂದನ್ನು ಮಾತ್ರ ಕಾಣುತ್ತಿದ್ದ ನಾನು ಅವುಗಳನ್ನು ಒಟ್ಟಿಗೆ ಎಂದೂ ನೋಡಿರಲಿಲ್ಲ.

“ಇದೇನು ಇಂಚರಾ? ತುಕ್ಕೇ? ಅಷ್ಟು ಎಣ್ಣೆ ಹಚ್ಚುತ್ತಿದ್ದನಲ್ಲ.”

ಅವಳು ಕೈಯಲ್ಲಿದ್ದ ಬಾಕನ್ನು ಮತ್ತೆ ಒರೆಗೆ ಸೇರಿಸಹೊರಟಳು.

“ಹೇಳಮ್ಮ.”

“ಹುಳಿ ಬಿದ್ದ ಗುರುತು ಅಮ್ಮ. ಇಂಥ ಉಕ್ಕಿನ ಮೇಲೆ ಹುಳಿ ಒಂದು ರಾತ್ರಿ ನಿಂತರೆ ಸಾಕು, ಕಚ್ಚಿಬಿಡುತ್ತೆ. ನಾನು ಎಷ್ಟೋ ಸಲ ಹೇಳಿದೆ, ಸಾರ್, ಪ್ರಯೋಗಶಾಲೆಗೆ ಕೊಡಿ, ಉಜ್ಜಿ ತೆಗೆದುಬಿಡ್ತೀನಿ ಅಂತ. ‘ಅದೊಂದನ್ನ ಮುಟ್ಟಿದರೆ ನಿನಗೆ ಕಾಫಿ ಬಂದ್’ ಅಂದಿದ್ದರು.”

ನನ್ನ ಹೆಬ್ಬೆರಳನ್ನು ಆ ಕಲೆಯ ಮೇಲೆ ಇಟ್ಟೆ. ಸರಿಯಾಗಿ ಕೂತಿತು.

ಹತ್ತೊಂಬತ್ತು ವರ್ಷ. ಅವನು ವರ್ಷವೆಲ್ಲ ಹುಡುಕಿ, ಮೊದಲು ನನ್ನ ಮುಂದೆ ತಂದಿಡುತ್ತಿದ್ದ ವಸ್ತುವನ್ನು ನಾನೇ ನನ್ನ ಕೈಯಾರೆ ಕೆಡಿಸುತ್ತ ಬಂದಿದ್ದೆ. ಲೋಹವನ್ನೇ ಓದಿದವನು ಅವನು. ನಿಂಬೆ ಹಿಂಡುವಾಗ ತುಟಿ ಕಚ್ಚುತ್ತಿದ್ದುದು ಭಕ್ತಿಗಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. “ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತೇನೋ, ದತ್ತೂ” ಎಂದು ಅಳುತ್ತಲೇ ಕೇಳಿದೆ.

ಇಂಚರಾ ತನ್ನ ಚೀಲದಿಂದ ಒಂದು ಉದ್ದನೆಯ ರಟ್ಟಿನ ಪುಸ್ತಕ ತೆಗೆದಳು. “ಸಾರ್ ಮೇಜಿನ ಮೇಲೆ ಇತ್ತು. ಒಂದೊಂದು ಬಾಕಿಗೂ ಒಂದೊಂದು ಪುಟ. ನಿಮಗೆ ಕೊಡೋಕೆ ಅಂತಲೇ ತಂದೆ. ಓದಲಾ?”

ಅವಳೇ ಓದಿದಳು. ಪ್ರತಿ ಪುಟದಲ್ಲಿ ಅಲಗಿನ ಉದ್ದ, ತೂಕ, ಹಿಡಿ ಯಾವ ಮೂಳೆಯದು, ಎಲ್ಲಿ ಸಿಕ್ಕಿತು ಎಂಬ ವಿವರ. ಕೆಳಗೆ ಬೇರೆ ಶಾಯಿಯಲ್ಲಿ ಒಂದೆರಡು ಸಾಲು.

“ಸಾವಿರದೊಂಬೈನೂರ ಎಂಬತ್ತೇಳು. ಅಕ್ಕ ನಿಂಬೆಹಣ್ಣು ಹಿಂಡಿದಳು. ಅಯ್ಯೋ!

“ಎಂಬತ್ತೆಂಟು. ಈ ಸಲ ಹೇಳಲೇಬೇಕು ಎಂದು ಹೋದೆ. ಹೋಳಿಗೆ ಬಡಿಸುತ್ತಿದ್ದಳು. ತಿಂದು ಬಂದೆ.

“ತೊಂಬತ್ತು. ಒಣ ಕುಂಕುಮ ಇಟ್ಟರೆ ಸಾಲದೇ ಎಂದು ಕೇಳಿದೆ. ‘ಅಮ್ಮ ಹೀಗೆಯೇ ಇಡುತ್ತಿದ್ದಳು’ ಎಂದಳು. ಅಲ್ಲಿಗೆ ಮುಗಿಯಿತು.

“ತೊಂಬತ್ನಾಲ್ಕು. ರಾತ್ರಿ ಎದ್ದು ಒರೆಸಿಬಿಡೋಣ ಎಂದುಕೊಂಡೆ. ಒರೆಸಿದರೆ ಅಕ್ಕನಿಗೆ ಗೊತ್ತಾಗುವುದಿಲ್ಲ. ದೇವಿಗೆ ಗೊತ್ತಾಗುತ್ತದೆ. ಒರೆಸಲಿಲ್ಲ.”

ಇಂಚರಾ ಅಲ್ಲಿ ನಕ್ಕಳು. ನನಗೂ ಅಳುವಿನ ನಡುವೆ ನಗು ಬಂತು. ಮುಂದಿನ ಪುಟಗಳನ್ನು ಮಗುಚಿ ತೊಂಬತ್ತೇಳಕ್ಕೆ ಬಂದಾಗ ಅವಳ ದನಿ ತಗ್ಗಿತು.

“ತೊಂಬತ್ತೇಳು. ಅಕ್ಕ ಕುಂಕುಮ ಇಟ್ಟಳು. ಇನ್ನು ಎಷ್ಟು ನಿಂಬೆಹಣ್ಣು ಹಿಂಡಿದರೂ ಸರಿ. ಈ ಬಾಕುಗಳ ಮೇಲೆ ಹಳೆಯವರ ಹೆಬ್ಬೆರಳ ಗುಳಿ ಹುಡುಕಿಕೊಂಡು ತಿರುಗುತ್ತೇನಲ್ಲ, ನನ್ನ ಅಕ್ಕನದೂ ಒಂದು ಇರಲಿ. ಯಾರೂ ತೆಗೆಯಬಾರದು.”

ಆಮೇಲಿನ ವರ್ಷಗಳಲ್ಲಿ ನಿಂಬೆಯ ದೂರು ಇರಲಿಲ್ಲ. ‘ಗುರುತು ಚೆನ್ನಾಗಿ ಬಿದ್ದಿದೆ’, ‘ಈ ಸಲ ಸ್ವಲ್ಪ ಓರೆ, ಅಕ್ಕನಿಗೆ ಕಣ್ಣಿನ ಪೊರೆ ಬಂದಿರಬೇಕು, ತೋರಿಸಬೇಕು’ ಎಂದಷ್ಟೇ. ಆ ವರ್ಷ ನನ್ನನ್ನು ಎಳೆದುಕೊಂಡು ಹೋಗಿ ಕಣ್ಣಿನ ಆಪರೇಷನ್ ಮಾಡಿಸಿದ್ದು ನೆನಪಾಯಿತು. ಅವನಿಗೆ ಹೇಗೆ ತಿಳಿಯಿತೆಂದು ಆಗ ಆಶ್ಚರ್ಯಪಟ್ಟಿದ್ದೆ.

ಕೊನೆಯ ಪುಟ ಇಪ್ಪತ್ತನೆಯ ಬಾಕಿನದು. ಇನ್ನೂ ಪೂಜೆಯಾಗದೆ ಇಂಚರಾಳ ಪ್ರಯೋಗಶಾಲೆಯ ಬೀರುವಿನಲ್ಲಿದ್ದ ಬಾಕು. ತಾರೀಕು ಅವನು ಹೋದ ಸೋಮವಾರದ್ದು.

“ನವರಾತ್ರಿ ಹತ್ತಿರ ಬಂತು. ಹಳೆಯವಕ್ಕೆಲ್ಲ ಎಣ್ಣೆ ಹಚ್ಚಬೇಕು. ಇವತ್ತು ಸಂಜೆ ಮೊದಲನೆಯದರಿಂದ ಶುರು. ಗುರುತನ್ನು ಬಿಟ್ಟು ಸುತ್ತಲೂ ಹಚ್ಚುವುದು. ಎಂಬತ್ತೇಳರ ಕುಂಕುಮ ಇನ್ನೂ ಕೆಂಪಗೇ ಇದೆ.”

ಇಂಚರಾ ಪುಸ್ತಕ ಮುಚ್ಚಿ, ಸಾಲಿನ ಮೊದಲಲ್ಲಿದ್ದ ಗಿಳಿಯ ತಲೆಯ ಬಾಕನ್ನು ಎತ್ತಿದಳು. “ಅಮ್ಮ, ಸಾರ್ ಮಡಿಲಲ್ಲಿ ಇದ್ದದ್ದು ಇದು” ಎಂದು ನನ್ನ ಕಡೆಗೆ ಚಾಚಿದಳು.

“ಕೈಗೆ ಕೊಡಬೇಡ ಮಗೂ, ಕೆಳಗಿಡು” ಎಂದೆ.

ಇಟ್ಟಳು. ನಾನು ಎತ್ತಿಕೊಂಡೆ. ಅಲಗೆಲ್ಲ ಎಣ್ಣೆಯ ಹೊಳಪು, ಗುರುತಿನ ಸುತ್ತ ಮಾತ್ರ ಒಂದು ಎಳೆಯಷ್ಟು ಜಾಗ ಬಿಟ್ಟಿದ್ದ. ದೇವರಿಗೆ ಹಚ್ಚಿದ ಕುಂಕುಮಕ್ಕೆ ಎಣ್ಣೆಯ ಕೈ ತಾಗಬಾರದೆಂದು ಅಷ್ಟು ಜೋಪಾನ. ಅವನ ಕಣ್ಣು ಕೊನೆಗೆ ನೋಡಿದ್ದು ಆ ಕೆಂಪನ್ನು. ಒಂಬತ್ತು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಸರಿಯಿತು. ಸುದರ್ಶನ ಸಂಜೆ ಬಂದಾಗ, “ಪೆಟ್ಟಿಗೆ ಗಾಡಿಯಲ್ಲಿ ಇಡುವುದು ಬೇಡ” ಎಂದೆ. ಅವನು ಇಂಚರಾಳ ಮುಖ ನೋಡಿದ, ನನ್ನ ಮುಖ ನೋಡಿದ, ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದ.

ಮರುದಿನ ಗಂಗೆಗೆ ಅಸ್ಥಿ ಮಾತ್ರ ಹೋಯಿತು.

ಹದಿಮೂರನೆಯ ದಿನ ಆಯುಧಪೂಜೆಯ ದಿನವೇ ಬಂತು. ಹಬ್ಬ ಮಾಡುವ ಹಾಗಿರಲಿಲ್ಲ, ಗೊಂಬೆ ಕೂರಿಸಿರಲಿಲ್ಲ. ಪುರೋಹಿತರು ಕರ್ಮ ಮುಗಿಸಿ, ಮನೆಯಲ್ಲಿ ದೀಪ ಹಚ್ಚಬಹುದು ಎಂದು ಹೇಳಿ ಹೋದರು. ಊಟವಾದ ಮೇಲೆ ನಾನು ಹೊಸ್ತಿಲಾಚೆ ಮಣೆ ಹಾಕಿ, ಇಂಚರಾ ತಂದ ಇಪ್ಪತ್ತನೆಯ ಬಾಕನ್ನು ಇಡಿಸಿದೆ. ಉಳಿದ ಹತ್ತೊಂಬತ್ತನ್ನು ಮಾಸಿಕ ಮುಗಿದ ಮೇಲೆ ಇಂಚರಾ ತನ್ನ ವಿಭಾಗದ ಗಾಜಿನ ಬೀರುವಿಗೆ ಕೊಂಡೊಯ್ಯುವುದೆಂದು, ಗುರುತುಗಳನ್ನು ಯಾರೂ ಉಜ್ಜಬಾರದೆಂದು ಮಾತಾಗಿತ್ತು. ಇದೊಂದು ನನ್ನ ಬಳಿಯೇ ಇರುತ್ತದೆ. ಅಲಗಿನ ಮೇಲೆ ಒಂದು ಕಲೆಯಿರಲಿಲ್ಲ. ಅಲೆಯ ಗೆರೆಗಳು ತುದಿಯಿಂದ ಹಿಡಿಯವರೆಗೆ ತಡೆಯಿಲ್ಲದೆ ಹರಿದಿದ್ದವು. ಇಷ್ಟು ಚೆಲುವಾದ ವಸ್ತುವನ್ನು ನಾನು ಅದುವರೆಗೆ ಕಣ್ಣು ಬಿಟ್ಟು ನೋಡಿಯೇ ಇರಲಿಲ್ಲ.

ನಿಂಬೆಹಣ್ಣನ್ನು ಕೈಗೆತ್ತಿಕೊಂಡೆ. “ಒಣ ಕುಂಕುಮವನ್ನೇ ಇಡಲೇ?” ಎಂದು ಇಂಚರಾಳನ್ನು ಕೇಳಿದೆ.

ಉಕ್ಕನ್ನು ಓದಿದ ಹುಡುಗಿ. ತುಟಿ ಕಚ್ಚಿಕೊಂಡಳು, ಥೇಟು ಅವನ ಹಾಗೆಯೇ. “ಹಿಂಡಿ ಅಮ್ಮ” ಎಂದಳು. “ಸಾರ್ ಪುಟ ಅರ್ಧಕ್ಕೇ ನಿಂತಿದೆ.”

ಹಿಂಡಿದೆ. ರಸದಲ್ಲಿ ಕುಂಕುಮ ಕಲಸಿ, ಹೆಬ್ಬೆರಳಿನಿಂದ ದಪ್ಪನಾಗಿ ಒತ್ತಿದೆ. ಅವಳು ಪುಸ್ತಕ ತೆರೆದು ಕೊಟ್ಟಳು. ಅವನ ಸಾಲಿನ ಕೆಳಗೆ ಬರೆದೆ: “ಎರಡು ಸಾವಿರದ ಆರು. ಅಕ್ಕ ಇಟ್ಟಳು.”

ಆಮೇಲೆ ದೀಪದ ಮುಂದೆ ಕೈಮುಗಿದೆ. ತಾಯೀ, ನನ್ನ ತಮ್ಮ ದತ್ತಾತ್ರೇಯ ಯಾರಿಗೂ ನೋವು ಮಾಡಿದವನಲ್ಲ. ಇರಿಯುವ ಅಲಗಿನ ಮೇಲೂ ಕುಂಕುಮ ಇಟ್ಟವರ ಬೆರಳನ್ನೇ ನೋಡಿದವನು. ನನ್ನ ತಪ್ಪನ್ನು ಹತ್ತೊಂಬತ್ತು ವರ್ಷ ಒಂದು ಮಾತೂ ಆಡದೆ ಹೊತ್ತವನು. ಕೊನೆಗಾಲದಲ್ಲಿ ಅವನ ಬಾಯಿಗೆ ನಾನು ನೀರು ಬಿಡಲಿಲ್ಲ, ನಿನ್ನ ಹೆಸರು ಹೇಳಲಿಲ್ಲ. ಅವನು ನೋಡುತ್ತಿದ್ದ ನಿನ್ನ ಕುಂಕುಮವನ್ನೇ ನಿನ್ನ ಹೆಸರೆಂದು ತಿಳಿದುಕೋ. ಅವನ ದಾರಿಯಲ್ಲಿ ಕತ್ತಲೆ ಬೇಡ, ಬಾಯಾರಿಕೆ ಬೇಡ, ಭಯ ಬೇಡ. ನಮ್ಮ ಅಮ್ಮ ಎಲ್ಲಿದ್ದಾಳೋ ಅಲ್ಲಿಗೆ ಅವನನ್ನು ಸೇರಿಸು. ನಿನ್ನ ಪಾದದ ಹತ್ತಿರ ಅವನಿಗೆ ಶಾಂತಿಯಾಗಲಿ.